ತಿಂಗಳಿಗೆ ಸ್ವಲ್ಪ ದುಡ್ಡಿದೆ, ವಾರಕ್ಕೆ ಸ್ವಲ್ಪ ಹೊತ್ತಿದೆ. ಕಷ್ಟದಲ್ಲಿರುವ ಹೆಂಗಸರು, ಮಕ್ಕಳಿಗೆ ನಿಜವಾಗಿ ಬೇಕಾಗಿರುವುದೇನು?

ಉಣಕಲ್_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಾವು ಹುಬ್ಬಳ್ಳಿಯ ಒಂದು ಕಾಲೊನಿಯ ಹೆಂಗಸರು. ಕೆರೆ ದಂಡೆಯಲ್ಲಿ ವಾಕಿಂಗ್ ಮಾಡುತ್ತಾ ಪರಿಚಯವಾದವರು. ರಿಟೈರ್ ಆದ ಟೀಚರ್ ಇದ್ದಾರೆ, ಬ್ಯಾಂಕಿನವರಿದ್ದಾರೆ, ನನ್ನ ಹಾಗೆ ಮನೆ ನೋಡಿಕೊಂಡಿರುವವರೂ ಇದ್ದಾರೆ. ಮೊದಲು ಚೀಟಿ ಮಾತ್ರ ಹಾಕುತ್ತಿದ್ದೆವು. ಈಗ ಅದರ ಜೊತೆಗೆ ತಿಂಗಳಿಗೆ ತಲಾ 500 ರೂಪಾಯಿ ಬೇರೆ ತೆಗೆದಿಡುತ್ತೇವೆ, ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಏನಾದರೂ ಮಾಡೋಣ ಅಂತ.

ಇಲ್ಲಿಯವರೆಗೆ ಮಾಡಿದ್ದು ಅಂದರೆ ಯಾರದಾದರೂ ಮನೆಯ ಹುಟ್ಟುಹಬ್ಬ, ವಾರ್ಷಿಕ ಇದ್ದಾಗ ಮಕ್ಕಳ ಆಶ್ರಮಕ್ಕೆ ಹೋಗಿ ಊಟ ಹಾಕಿಸುವುದು, ಪೆನ್ಸಿಲ್ ಬಾಕ್ಸ್ ಕೊಡುವುದು. ಈಚೆಗೆ ಹೆಣ್ಣುಮಕ್ಕಳ ಒಂದು ನಿಲಯಕ್ಕೆ ಕೇಕ್ ತೆಗೆದುಕೊಂಡು ಹೋಗಿದ್ದಾಗ ಅಲ್ಲಿಯ ಮೇಡಂ ಬಾಗಿಲಲ್ಲೇ ಫೋಟೋ ಬೇಡ ಎಂದರು. ಆಮೇಲೆ ಕೂರಿಸಿ ಟೀ ಕೊಟ್ಟು, "ಈ ತಿಂಗಳು ಕೇಕ್ ಜಾಸ್ತಿ ಆಯಿತು ಅಕ್ಕೋರೆ, ಪರೀಕ್ಷೆ ಟೈಮಲ್ಲಿ ಗಣಿತ ಹೇಳಿಕೊಡುವವರು ಸಿಕ್ಕರೆ ಬನ್ನಿ" ಎಂದರು. ನಮ್ಮಲ್ಲಿ ಕೆಲವರಿಗೆ ಬೇಜಾರಾಯಿತು. ನನಗೆ ಮಾತ್ರ ಅವರು ಹೇಳಿದ್ದು ತಲೆಯಲ್ಲೇ ಉಳಿಯಿತು.

ಇನ್ನೊಂದು ವಿಷಯ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ತಂಗಿ ಗಂಡನ ಹೊಡೆತ ತಾಳಲಾರದೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದಿದ್ದಾಳೆ. ಒಂದೇ ಕೋಣೆಯ ಮನೆ, ಎಷ್ಟು ದಿನ ಇರುತ್ತಾಳೆ? "ಅಕ್ಕಾರ, ಇಂಥಾದ್ದಕ್ಕ ಎಲ್ಲಿಗೆ ಹೋಗಬೇಕ್ರಿ?" ಎಂದು ಕೇಳಿದಳು. ಇಷ್ಟು ಓದಿದವರು ನಾವು, ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು, ಅಥವಾ ಇಂಥ ಸಹಾಯ ಪಡೆದವರು ಯಾರಾದರೂ ಇದ್ದರೆ ಹೇಳಿ. ನಮ್ಮಂಥ ಸಣ್ಣ ಗುಂಪಿನಿಂದ ಯಾವುದು ಆಗುತ್ತದೆ, ಯಾವುದಕ್ಕೆ ಕೈ ಹಾಕಬಾರದು? ನಾವೇ ಒಂದು ಟ್ರಸ್ಟ್ ಮಾಡಿಕೊಳ್ಳಬೇಕಾ?

ಖಡಕ್_ರೊಟ್ಟಿ:

ಮೇಡಂ, ನೇರವಾಗಿ ಹೇಳುತ್ತೇನೆ. ಅನ್ನ ಹಾಕಿ, ಪುಸ್ತಕ ಕೊಡಿ, ಅಲ್ಲಿಗೆ ನಿಲ್ಲಿಸಿ. ಗಂಡ ಹೆಂಡತಿ ಜಗಳದೊಳಗೆ ಹೊರಗಿನವರು ಹೋದರೆ ನಾಳೆ ಅವರಿಬ್ಬರೂ ಒಂದಾಗುತ್ತಾರೆ, ಸ್ಟೇಷನ್ ಮೆಟ್ಟಿಲು ಹತ್ತುವವರು ನೀವಾಗುತ್ತೀರಿ. ಸರ್ಕಾರ ಇದೆ, ಇಲಾಖೆ ಇದೆ, ಅವರಿಗೆ ಸಂಬಳ ಇದೆ. ಸುಮ್ನೆ ತಲೆನೋವು ಯಾಕೆ?

ಕೋಟೆನಾಡು:

ಖಡಕ್ ರೊಟ್ಟಿಯವರೇ, ನಿಮ್ಮ ಭಯ ನಿಜವೇ. ಆದರೆ ಆ ಭಯಕ್ಕೆ ಎಲ್ಲರೂ ಬಾಗಿಲು ಹಾಕಿಕೊಳ್ಳುವುದರಿಂದಲೇ ಆಕೆ ಮತ್ತೆ ಅದೇ ಮನೆಗೆ ವಾಪಸ್ ಹೋಗುವುದು.

ನಾನು ಚಿತ್ರದುರ್ಗ ಕಡೆಯವಳು, ಸಾಂತ್ವನ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಕಷ್ಟದಲ್ಲಿರುವ ಹೆಂಗಸರಿಗಾಗಿ ಇರುವ ಕರ್ನಾಟಕ ಸರ್ಕಾರದ ಯೋಜನೆ. ನಡೆಸುವುದು ಸ್ಥಳೀಯ ಸಂಸ್ಥೆಗಳು, ಅನುದಾನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು.

ಮೊದಲು ಆ ತಂಗಿಯ ವಿಷಯ, ಅದು ಅರ್ಜೆಂಟ್. ಆಕೆ 181ಕ್ಕೆ ಫೋನ್ ಮಾಡಬಹುದು, ಇದು ಮಹಿಳಾ ಸಹಾಯವಾಣಿ. ಗಂಡ ಅಲ್ಲಿಗೂ ಬಂದು ಗಲಾಟೆ ಮಾಡುತ್ತಿದ್ದರೆ 112. ಜಿಲ್ಲೆಗಳಲ್ಲಿ "ಸಖಿ" ಅಂತ ಒನ್ ಸ್ಟಾಪ್ ಸೆಂಟರ್ ಇರುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ್ದು, ಹೆಚ್ಚಿನ ಕಡೆ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಅದರ ಹತ್ತಿರದಲ್ಲೇ ಇರುತ್ತದೆ. ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತಸಮಾಲೋಚನೆ, ತಂಗಲು ಜಾಗ, ಎಲ್ಲಾ ಒಂದೇ ಕಡೆ. ಆದರೆ ಅಲ್ಲಿ ತಂಗುವುದು 5 ದಿನದ ಮಟ್ಟಿಗೆ ಮಾತ್ರ. ಅದಕ್ಕಿಂತ ಜಾಸ್ತಿ ಇರಬೇಕಾದರೆ ಮೊದಲು ಸ್ವಾಧಾರ ಗೃಹ ಎನ್ನುತ್ತಿದ್ದ, ಈಗ ಶಕ್ತಿ ಸದನ ಎನ್ನುವ ಕಡೆ ಕಳಿಸುತ್ತಾರೆ. ಒಂದು ಮಾತು ಮೊದಲೇ ಕೇಳಿಕೊಳ್ಳಿ, ಇಬ್ಬರು ಮಕ್ಕಳಲ್ಲಿ ಗಂಡುಮಗು ಇದೆಯಾ? ತಾಯಿ ಜೊತೆ ಉಳಿಯಲು ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ. ಮಗ ದೊಡ್ಡವನಾಗಿದ್ದರೆ ಅವನನ್ನು ಬೇರೆ ಕಡೆ ಇಡಬೇಕಾಗುತ್ತದೆ ಎಂದು ಗೊತ್ತಾದ ತಕ್ಷಣ ಎಷ್ಟೋ ತಾಯಂದಿರು "ಬ್ಯಾಡ್ರಿ ಮೇಡಂ, ಗಂಡನ ಮನಿಗೇ ಹೋಗತೀನಿ" ಎಂದು ಎದ್ದು ಬಿಡುತ್ತಾರೆ. ಇಂಥ ಹೊತ್ತಿನಲ್ಲಿ ಒಂದು ಸಣ್ಣ ಬಾಡಿಗೆ ಕೋಣೆಯ ಅಡ್ವಾನ್ಸ್ ಕೊಡುವವರು ಇದ್ದರೆ ಕಥೆಯೇ ಬೇರೆ. ನಿಮ್ಮ 500 ರೂಪಾಯಿಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರದ್ದು, ಜಾರಿಗೆ ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ಇದರಡಿ ಆಕೆ ರಕ್ಷಣೆ, ಜೀವನಾಂಶ, ಇರಲು ಜಾಗ ಕೇಳಬಹುದು, ಅದಕ್ಕೆ ಡೈವೋರ್ಸ್ ಕೇಳಲೇಬೇಕು ಅಂತೇನಿಲ್ಲ. ನಮ್ಮ ರಾಜ್ಯದಲ್ಲಿ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಆ ಆಫೀಸ್ ಎಲ್ಲಿದೆ ಎಂದು ಹೇಳುತ್ತಾರೆ. ವಕೀಲರಿಗೆ ದುಡ್ಡಿಲ್ಲ ಎನ್ನುವ ಚಿಂತೆಯೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಇರುತ್ತದೆ, ಫೋನ್ 15100.

ಇಷ್ಟೆಲ್ಲಾ ಇದ್ದೂ ಯಾಕೆ ಆಗುವುದಿಲ್ಲ ಅಂದರೆ, ಆಕೆ ಒಬ್ಬಳೇ ಹೋಗಬೇಕು. ಎರಡು ಮಕ್ಕಳು ಸೊಂಟಕ್ಕೆ, ಕೈಯಲ್ಲಿ ಕಾಗದ ಇಲ್ಲ, ಆಫೀಸಿನಲ್ಲಿ "ಸಾಹೇಬರು ಮೀಟಿಂಗಲ್ಲಿದ್ದಾರೆ, ನಾಳೆ ಬಾ" ಅಂತಾರೆ. ನಾಳೆ ಹೋದರೆ ಕೂಲಿ ಹೋಯಿತು. ಅದೇ ಪಕ್ಕದಲ್ಲಿ ಒಬ್ಬ ರಿಟೈರ್ಡ್ ಟೀಚರಮ್ಮ ಕೈಚೀಲ ಹಿಡಿದುಕೊಂಡು ಕೂತರೆ, ಏನೂ ಮಾತಾಡಬೇಕಿಲ್ಲ, ಸುಮ್ನೆ ಕೂತರೆ ಸಾಕು, ಕುರ್ಚಿ ಬರುತ್ತದೆ, ಅರ್ಜಿಗೆ ಸೀಲ್ ಬೀಳುತ್ತದೆ. ಇದು ನ್ಯಾಯ ಅಲ್ಲ, ಗೊತ್ತು. ಆದರೆ ನಡೆಯುವುದು ಹೀಗೆ. ನಿಮ್ಮ ಗುಂಪಿನ ದೊಡ್ಡ ಆಸ್ತಿ ದುಡ್ಡಲ್ಲ, ಜೊತೆಗೆ ಹೋಗಿ ಕೂರುವ ಜನ.

ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲೇ ಆರೋಗ್ಯ ಎಂದರೆ ಮೈ ಮನಸ್ಸಿನ ಜೊತೆ ಸಾಮಾಜಿಕ ನೆಮ್ಮದಿಯೂ ಹೌದು ಎಂದಿತ್ತು. ನಾವು ಮಾತ್ರೆ ಕೊಡುತ್ತೇವೆ, ಊಟ ಕೊಡುತ್ತೇವೆ, ಈ ಮೂರನೆಯದನ್ನು ಬಿಟ್ಟುಬಿಡುತ್ತೇವೆ. ಕಷ್ಟ ಅಂದಾಗ ಫೋನ್ ಮಾಡಲು ಒಂದು ನಂಬರ್, ಹಬ್ಬಕ್ಕೆ ಕರೆಯುವ ಒಂದು ಮನೆ ಇಲ್ಲದ ಹೆಂಗಸಿಗೆ ಎಷ್ಟು ಸೀರೆ ಕೊಟ್ಟರೂ ಆ ಜಾಗ ತುಂಬುವುದಿಲ್ಲ.

ಮಾಡಬಾರದ್ದು: "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಮ್ಮ" ಎನ್ನಬೇಡಿ. "ಬಿಟ್ಟುಬಿಡು ಅವನನ್ನು" ಅಂತಲೂ ಅನ್ನಬೇಡಿ. ತೀರ್ಮಾನ ಆಕೆಯದು. ಆಕೆ ಗಂಡನ ಮನೆಗೆ ವಾಪಸ್ ಹೋದರೂ ಕೋಪ ಮಾಡಿಕೊಳ್ಳಬೇಡಿ, ಮತ್ತೆ ಬರಬೇಕಾದರೆ ನಿಮ್ಮ ಹತ್ತಿರವೇ ಬರಬೇಕಲ್ಲ. ಗಂಡನಿಗೆ ಬುದ್ಧಿ ಹೇಳಲು ನೀವೇ ಹೋಗುವುದಂತೂ ಖಂಡಿತ ಬೇಡ. ಇದರಲ್ಲಿ ಮಾತ್ರ ಖಡಕ್ ರೊಟ್ಟಿಯವರ ಮಾತೇ ಸರಿ.

ಉಣಕಲ್_ದಂಡೆ:

ತುಂಬಾ ಧನ್ಯವಾದ ಮೇಡಂ. ಗಂಡುಮಗು ಇದೆ, ಆರನೇ ಕ್ಲಾಸು. ಹುಡುಗಿ ಚಿಕ್ಕವಳು. ಕಾಗದ ಪತ್ರ ಎಲ್ಲಾ ಗಂಡನ ಮನೆಯಲ್ಲೇ ಇದೆಯಂತೆ, ಆಧಾರ್ ಕೂಡ. ಸ್ಕೂಲಿನವರು ಟಿಸಿ ತನ್ನಿ ಅಂತಾರಂತೆ.

ಕೋಟೆನಾಡು:

ಟಿಸಿಗೆ ಕಾಯಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಇದೆ, ಎಂಟನೇ ಕ್ಲಾಸಿನವರೆಗೆ ಟಿಸಿ ತಡವಾಯಿತು ಎಂದು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಎನ್ನುವುದೂ ಕಾರಣ ಆಗುವುದಿಲ್ಲ. ಹೆಡ್ ಮೇಷ್ಟ್ರು ಒಪ್ಪದಿದ್ದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ. ನಿಮ್ಮ ಗುಂಪಿನ ಟೀಚರಿಗೆ ಇದು ನೀರು ಕುಡಿದಷ್ಟು ಸುಲಭ. ಮಕ್ಕಳು ಬೇಗ ಶಾಲೆಗೆ ಸೇರಿದರೆ ತಾಯಿಗೆ ಹಗಲು ಹೊತ್ತು ಕೆಲಸ ಹುಡುಕಲು ಆಗುತ್ತದೆ, ಮಕ್ಕಳಿಗೂ ಮಧ್ಯಾಹ್ನದ ಊಟ, ಆಡಲು ಜೊತೆ.

ಆಧಾರ್ ವಿಷಯ ತಮಾಷೆಯಂತೆ ಕಾಣುತ್ತದೆ, ಆದರೆ ಎಲ್ಲಾ ಗಂಟು ಅಲ್ಲೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ ಆಯಿತು. ಕೋರ್ಟಿಗೆ, ಆಸ್ಪತ್ರೆಗೆ ಓಡಾಡುವ ಹೆಂಗಸರಿಗೆ ನಿಜವಾಗಿಯೂ ಅನುಕೂಲ ಆಯಿತು. ಆದರೆ ಉಟ್ಟ ಸೀರೆಯಲ್ಲಿ ಓಡಿ ಬಂದವಳ ಹತ್ತಿರ ತೋರಿಸಲು ಗುರುತಿನ ಚೀಟಿ ಇರುವುದಿಲ್ಲ! ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಬೆರಳಚ್ಚು ಕೊಟ್ಟು ಮತ್ತೆ ಪ್ರಿಂಟ್ ತೆಗೆಸಬಹುದು. ಮೊಬೈಲ್ ನಂಬರ್ ಗಂಡನದೇ ಇರುತ್ತದೆ, ಅದನ್ನೂ ಬದಲಾಯಿಸಿ, ಇಲ್ಲದಿದ್ದರೆ ಪ್ರತಿ ಓಟಿಪಿ ಅವನಿಗೇ ಹೋಗುತ್ತದೆ. ಬ್ಯಾಂಕ್ ಖಾತೆಯ ನಂಬರ್ ಕೂಡ ಅಷ್ಟೇ.

ಆಮೇಲೆ ರೇಷನ್ ಕಾರ್ಡ್. ಗೃಹಲಕ್ಷ್ಮಿಯ 2000 ಬರುವುದು ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಇರುವವರಿಗೆ. ಅಲ್ಲಿ ಅತ್ತೆಯ ಹೆಸರಿದ್ದರೆ ಸೊಸೆಗೆ ಏನೂ ಇಲ್ಲ. ಮನೆ ಬಿಟ್ಟು ಬಂದ ಮೇಲೂ ಆಕೆಯ ಹೆಸರು, ಮಕ್ಕಳ ಹೆಸರು ಅದೇ ಕಾರ್ಡಿನಲ್ಲಿ, ಅಕ್ಕಿಯೂ ಅವರಿಗೇ. ಹೆಸರು ಬೇರೆ ಮಾಡಿಸುವುದು ನಿಧಾನದ ಕೆಲಸ, ಓಡಾಡುವವರು ಬೇಕು.

ಮಕ್ಕಳ ಹೆಸರಿಗೆ ಪ್ರಾಯೋಜಕತ್ವ ಕೂಡ ಕೇಳಿ ನೋಡಿ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ 4000 ರೂಪಾಯಿ ಇದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಕೈಬಿಟ್ಟವರು ಆಗಿದ್ದರೆ ಅರ್ಜಿ ಹಾಕಬಹುದು. ವರ್ಷದ ಆದಾಯ ಹಳ್ಳಿಯಲ್ಲಿ 72 ಸಾವಿರ, ಪಟ್ಟಣದಲ್ಲಿ 96 ಸಾವಿರ ದಾಟಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಎಲ್ಲರಿಗೂ ಸಿಗುತ್ತದೆ ಎಂದಲ್ಲ, ಕಾಯಬೇಕು. ಆದರೆ ಬಡತನಕ್ಕೆ ಮಗುವನ್ನು ಹಾಸ್ಟೆಲಿಗೋ ಆಶ್ರಮಕ್ಕೋ ಬಿಡುವ ಬದಲು ತಾಯಿ ಹತ್ತಿರವೇ ಇರಲಿ ಎನ್ನುವುದು ಇದರ ಉದ್ದೇಶ. ನೀವು ಕೇಕ್ ಕೊಟ್ಟ ಕಡೆ ವಿಚಾರಿಸಿ ನೋಡಿ, ಅಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇರುತ್ತಾರೆ.

ಹದಿನೆಂಟರ_ನಂತರ:

ಎರಡು ಸಲ ಟೈಪ್ ಮಾಡಿ ಅಳಿಸಿದೆ, ಈಗ ಬರೆದೇ ಬಿಡುತ್ತೇನೆ. ನಾನು ಬೆಳೆದದ್ದು ಬಾಲಕಿಯರ ಬಾಲಮಂದಿರದಲ್ಲಿ. ಈಗ ಬೆಂಗಳೂರಿನಲ್ಲಿ ನರ್ಸ್.

ಕೇಕ್ ಬಗ್ಗೆ ನಗು ಬಂತು. ಆಗಸ್ಟ್ 15ರಿಂದ ದೀಪಾವಳಿವರೆಗೆ ನಮಗೆ ಸೀಸನ್. ಒಂದೇ ಭಾನುವಾರ ಎರಡು ಕಡೆಯವರು ಬಿರಿಯಾನಿ ತಂದದ್ದೂ ಇದೆ. ಮಾರ್ಚ್ ತಿಂಗಳಲ್ಲಿ ಒಬ್ಬರೂ ಇಲ್ಲ. ಬಂದವರು ಕೇಳುವುದು ಒಂದೇ ಪ್ರಶ್ನೆ, "ಅಪ್ಪ ಅಮ್ಮ ಇಲ್ವಾ ಪುಟ್ಟಾ?" ಸಾಲಾಗಿ ನಿಲ್ಲಿಸಿ ಕೈಗೆ ಪ್ಯಾಕೆಟ್ ಕೊಟ್ಟು ಫೋಟೋ ತೆಗೆಯುತ್ತಿದ್ದರು. ನಾನು ಹೈಸ್ಕೂಲಿಗೆ ಬಂದಾಗ ನನ್ನ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪನ ಫೇಸ್‌ಬುಕ್‌ನಲ್ಲಿ ನನ್ನ ಫೋಟೋ ಇತ್ತು. ಅಲ್ಲಿಯವರೆಗೆ ಶಾಲೆಯಲ್ಲಿ ಯಾರಿಗೂ ನಾನು ಎಲ್ಲಿಂದ ಬರುತ್ತೇನೆ ಎಂದು ಗೊತ್ತಿರಲಿಲ್ಲ. ಆಮೇಲೆ ಏನಾಯಿತು ಎಂದು ಬರೆಯುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಹೆಸರು, ಫೋಟೋ, ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಇದೆ ಎಂದು ನನಗೆ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ನಿಮಗೆ ಬೇಡ ಎಂದ ಆ ಮೇಡಂ ಒಳ್ಳೆಯವರು. ಅವರನ್ನು ಬಿಡಬೇಡಿ.

ನಮಗೆ ನೆನಪಿರುವವರು ಒಬ್ಬರೇ ಆಂಟಿ. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದವರು. ಕೈಯಲ್ಲಿ ಏನೂ ತರುತ್ತಿರಲಿಲ್ಲ. ಶನಿವಾರ ಬಂದು ಲೆಕ್ಕ ಹೇಳಿಕೊಡುತ್ತಿದ್ದರು, ಚಲನ್ ತುಂಬುವುದು, ಅರ್ಜಿ ಬರೆಯುವುದು, ಜಗಳ ಆದಾಗ ಹೇಗೆ ಮಾತಾಡಬೇಕು, ಇಂಥವು. ಅವರು ಬರುತ್ತೇನೆ ಎಂದರೆ ಬರುತ್ತಿದ್ದರು. ಅಷ್ಟೇ ಅವರ ವಿಶೇಷ. ಬರುತ್ತೇನೆ ಎಂದು ಹೇಳಿ ಬಾರದೇ ಹೋದ ದೊಡ್ಡವರನ್ನು ನಾವು ಅಷ್ಟು ನೋಡಿದ್ದೆವು. ಆದ್ದರಿಂದ ನಿಮ್ಮ ಗುಂಪಿಗೆ ನನ್ನ ಮಾತು, ವಾರ ವಾರ ಆಗದಿದ್ದರೆ ತಿಂಗಳಿಗೊಮ್ಮೆ ಎಂದೇ ಹೇಳಿ, ಆದರೆ ತಪ್ಪಿಸಬೇಡಿ.

ಇನ್ನು ಯಾರೂ ನೋಡದ ವಯಸ್ಸು ಹದಿನೆಂಟು. ಚಿಕ್ಕ ಮಕ್ಕಳಿಗೆ ಎಲ್ಲರೂ ಕೊಡುತ್ತಾರೆ. ಹದಿನೆಂಟಾದ ಮೇಲೆ ಹೊರಗೆ. ಕಾನೂನಿನಲ್ಲಿ ಅನುಪಾಲನೆ, ಅಂದರೆ ನಿಲಯ ಬಿಟ್ಟವರಿಗೆ ನೆರವು, ಇದೆ, 21 ವರ್ಷದವರೆಗೆ, ಕೆಲವು ಸಂದರ್ಭದಲ್ಲಿ 23ರವರೆಗೆ, ತಿಂಗಳಿಗೆ 4000ದಂತೆ ನೆರವೂ ಇದೆ. ಅದು ಸಿಕ್ಕವರೂ ಇದ್ದಾರೆ, ಅದರ ಹೆಸರೇ ಕೇಳದವರೂ ಇದ್ದಾರೆ. ಆದರೆ ದುಡ್ಡಿಗಿಂತ ಕಷ್ಟವಾದದ್ದು ಬೇರೆ. ಪಿಜಿಯವರು ಲೋಕಲ್ ಗಾರ್ಡಿಯನ್ ನಂಬರ್ ಕೇಳಿದರು. ಯಾರದು ಕೊಡುವುದು? ಅಪೆಂಡಿಕ್ಸ್ ಆಪರೇಷನ್ ಆದಾಗ "ಪೇಷಂಟ್ ಕಡೆಯವರು ಯಾರು, ಸೈನ್ ಮಾಡಿ" ಎಂದರು. ನಾನೇ ನರ್ಸಿಂಗ್ ಓದುತ್ತಿದ್ದವಳು, ದಿನಾ ಬೇರೆಯವರಿಗೆ ಅದನ್ನೇ ಕೇಳುತ್ತಿದ್ದವಳು, ಅವತ್ತು ಉತ್ತರ ಇರಲಿಲ್ಲ. ಆ ಆಂಟಿಗೇ ಫೋನ್ ಮಾಡಿದೆ. ಮದುವೆ ಮಾತು ಬಂದಾಗಲೂ ಹುಡುಗಿ ಕಡೆಯಿಂದ ಕೂತವರು ಅವರೇ, ಒಗ್ಗರಣೆ ಅವಲಕ್ಕಿ ಮಾಡಿದ್ದೂ ಅವರ ಮನೆಯಲ್ಲೇ.

ನಿಮ್ಮ ಗುಂಪಿನ ಒಬ್ಬೊಬ್ಬರು ಒಬ್ಬೊಬ್ಬ ಹದಿನೆಂಟು ದಾಟಿದ ಹುಡುಗಿಗೆ "ಕಡೆಯವರು" ಆಗಬಹುದಾ ಯೋಚಿಸಿ. ನಿಲಯದ ಅಧಿಕಾರಿಯ ಮೂಲಕವೇ ಮಾಡಿ, ನೇರವಾಗಿ ಹುಡುಗಿಯರ ನಂಬರ್ ತೆಗೆದುಕೊಳ್ಳಬೇಡಿ. ಮನೆಗೆಲಸಕ್ಕೆ ಹುಡುಗಿ ಸಿಗುತ್ತಾಳಾ ಎಂದು ಕೇಳಿಕೊಂಡು ಬರುವವರೂ ಇದ್ದಾರೆ, ಆದ್ದರಿಂದ ಅವರು ಅನುಮಾನ ಪಟ್ಟರೆ ಬೇಸರ ಮಾಡಿಕೊಳ್ಳಬೇಡಿ.

ಗೋಕಾಕ್_ಫಾಲ್ಸ್:

ಮೇಲಿನ ತಂಗಿ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾನು ಬೆಳಗಾವಿ ಜಿಲ್ಲೆಯ ಹೈಸ್ಕೂಲ್ ಮೇಷ್ಟ್ರು. ನಮ್ಮ ಭಾಗದ ಒಂದು ಉದಾಹರಣೆ ಹೇಳಬೇಕು ಅನಿಸಿತು. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟುವುದು, ಅಂದರೆ ಹುಡುಗಿಯರನ್ನು ದೇವದಾಸಿ ಮಾಡಿ ಬಿಡುವುದು, ಇಲ್ಲಿ ಎಷ್ಟು ಬೇರು ಬಿಟ್ಟಿತ್ತು ಎಂದು ಎಲ್ಲರಿಗೂ ಗೊತ್ತು. 1982ರಲ್ಲಿ ನಿಷೇಧದ ಕಾಯ್ದೆ ಆಯಿತು. ಕಾಯ್ದೆ ಬಂದ ಮಾತ್ರಕ್ಕೆ ಮುತ್ತು ಬಿಚ್ಚಲಿಲ್ಲ. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿಯರನ್ನು ಗುರುತಿಸಿದರು. ಘಟಪ್ರಭಾದಲ್ಲಿ ಮಾಸ್ ಅಂತ ಒಂದು ಸಂಸ್ಥೆ ಇದೆ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. 1997ರಲ್ಲಿ ಕಟ್ಟಿದ್ದು. ಮೊದಲು ಮೈರಾಡಾ ಎನ್ನುವ ಸ್ವಯಂಸೇವಾ ಸಂಸ್ಥೆಯವರು ಜೊತೆಗಿದ್ದರು. ಇದರ ವಿಶೇಷ ಅಂದರೆ ಕಟ್ಟಿದವರು, ನಡೆಸುವವರು ದೇವದಾಸಿಯಾಗಿದ್ದ ಹೆಂಗಸರೇ. ಊರಲ್ಲಿ ಯಾರೋ ಹುಡುಗಿಗೆ ಮುತ್ತು ಕಟ್ಟುತ್ತಾರೆ ಎಂದು ಸುದ್ದಿ ಬಂದರೆ ಆ ಮನೆಗೆ ಹೋಗಿ ಕೂತು, "ನನಗೇನಾತು ನೋಡವ್ವ" ಎಂದು ಹೇಳಬಲ್ಲವರು ಅವರು ಮಾತ್ರ. ನಾವು ಹೋಗಿ ಭಾಷಣ ಮಾಡಿದರೆ ಚಹಾ ಕೊಟ್ಟು ಕಳಿಸುತ್ತಾರೆ ಅಷ್ಟೇ.

ಇದನ್ನು ಯಾಕೆ ಹೇಳಿದೆ ಅಂದರೆ, ಸಹಾಯ ಮಾಡುವವರು ಮೇಲೆ, ತೆಗೆದುಕೊಳ್ಳುವವರು ಕೆಳಗೆ ಎನ್ನುವ ಲೆಕ್ಕ ಬಿಟ್ಟರೆ ಕೆಲಸ ನಡೆಯುತ್ತದೆ. ಹುಬ್ಬಳ್ಳಿಯ ಅಕ್ಕೋರೆ, ಆ ತಂಗಿ ನಾಳೆ ಒಂದು ನೆಲೆ ಕಂಡುಕೊಂಡರೆ ಮುಂದಿನ ಹೆಣ್ಣುಮಗಳ ಜೊತೆ ಸಿಡಿಪಿಓ ಆಫೀಸಿಗೆ ಆಕೆಯನ್ನೇ ಕಳಿಸಿ. ಯಾವ ಟೇಬಲ್ಲಿಗೆ ಯಾವ ಕಾಗದ ಎಂದು ನಿಮಗಿಂತ ಚೆನ್ನಾಗಿ ಆಕೆಗೇ ಗೊತ್ತಿರುತ್ತದೆ. ಓಡಾಟಕ್ಕೆ ದಿನಗೂಲಿ ಕೊಡಿ, ಪುಕ್ಕಟೆ ದುಡಿಸಬೇಡಿ.

ಇನ್ನೊಂದು, ಅಪ್ಪನ ಹೆಸರು. ಶಾಲೆಯ ಅರ್ಜಿಯಲ್ಲಿ ಆ ಒಂದು ಸಾಲಿನ ಮುಂದೆ ಎಷ್ಟು ತಾಯಂದಿರು ತಲೆ ತಗ್ಗಿಸಿದ್ದನ್ನು ನಾನೇ ನೋಡಿದ್ದೇನೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ದೇವದಾಸಿ ಮಸೂದೆಯಲ್ಲಿ ಅಪ್ಪನ ಹೆಸರಿಗಾಗಿ ಒತ್ತಾಯ ಮಾಡಬಾರದು ಎಂದು ಬಂದಿದೆ. ಒಳ್ಳೆಯದಾಯಿತು. ಆದರೆ ಕೌಂಟರಿನಲ್ಲಿ ಕೂತ ಕ್ಲರ್ಕಿಗೆ ಅದನ್ನು ಓದಿ ಹೇಳುವವರು ಬೇಕು. ಮತ್ತೆ ಅದೇ ಮಾತಿಗೆ ಬಂದೆ, ಜೊತೆಗೆ ಹೋಗುವವರು.

ಸಂಜೆ ಹೊತ್ತು ಮಕ್ಕಳನ್ನು ಕೂರಿಸಲು ಜಾಗ ಬೇಕಿದ್ದರೆ, ಹಳ್ಳಿಗಳಲ್ಲಾದರೆ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಿಂದ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಕೂಸಿನ ಮನೆ ಇದೆ. ಹೊಸದಾಗಿ ಕಟ್ಟಡ ಕಟ್ಟಲು ಹೋಗಬೇಡಿ, ಇರುವ ಜಾಗಕ್ಕೆ ಒಂದು ಚಾಪೆ, ನಾಲ್ಕು ಕತೆ ಪುಸ್ತಕ, ಒಬ್ಬರು ಓದಿ ಹೇಳುವವರು ಸಾಕು.

ಲೆಕ್ಕದ_ಮಾವ:

ಟ್ರಸ್ಟ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಆಡಿಟ್ ನನ್ನ ಹೊಟ್ಟೆಪಾಡು, ಊರು ಹುಬ್ಬಳ್ಳಿಯೇ.

ಈಗಲೇ ಟ್ರಸ್ಟ್ ಬೇಡ. ಸಂಘ ಮಾಡಬೇಕಾದರೆ 1960ರ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು, ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಡೀಡ್. ಅದು ಸುಲಭ. ಆಮೇಲೆ ಪ್ರತಿವರ್ಷ ಆಡಿಟ್, ರಿಟರ್ನ್, ಸಭೆಯ ನಡಾವಳಿ, 12ಎ, 80ಜಿ ಎನ್ನುವ ತೆರಿಗೆ ವಿನಾಯಿತಿಯ ನೋಂದಣಿ. ನಿಮ್ಮ ಕೂಡಿಟ್ಟ ದುಡ್ಡಲ್ಲಿ ಒಂದು ಪಾಲು ನನ್ನಂಥವನ ಫೀಸಿಗೇ ಹೋಗುತ್ತದೆ, ಇದನ್ನು ಆಡಿಟರ್ ಆಗಿಯೇ ಹೇಳುತ್ತಿದ್ದೇನೆ. ಇಬ್ಬರು ಮೂವರ ಹೆಸರಲ್ಲಿ ಜಂಟಿ ಉಳಿತಾಯ ಖಾತೆ ಮಾಡಿ, ಒಂದು ನೋಟ್‌ಬುಕ್ಕಲ್ಲಿ ಖರ್ಚು ಬರೆಯಿರಿ, ತಿಂಗಳಿಗೊಮ್ಮೆ ಎಲ್ಲರಿಗೂ ತೋರಿಸಿ. ಸಹಾಯ ಪಡೆದವರ ಹೆಸರು ಮಾತ್ರ ಆ ಪುಸ್ತಕದಲ್ಲಿ ಬೇಡ, ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. "ಬಾಡಿಗೆ ಅಡ್ವಾನ್ಸ್, ಒಬ್ಬ ತಾಯಿ ಇಬ್ಬರು ಮಕ್ಕಳು" ಎಂದು ಬರೆದರೆ ಸಾಕು.

ದೊಡ್ಡ ಸಂಸ್ಥೆಗೆ ಕೊಡುವುದಾದರೆ ಕೇಳಬೇಕಾದದ್ದನ್ನು ನಾಚಿಕೆ ಇಲ್ಲದೆ ಕೇಳಿ. ಮಕ್ಕಳನ್ನು ಇಟ್ಟುಕೊಂಡಿದ್ದರೆ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಅಡಿ ನೋಂದಣಿ ಇರಲೇಬೇಕು. ಇಲ್ಲದೆ ನಡೆಸುವುದು ಅಪರಾಧ, ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ದಂಡ. "ನಮ್ಮದು ದೊಡ್ಡ ಮನಸ್ಸಿನ ಆಶ್ರಮ, ಕಾಗದ ಗೀಗದ ಇಲ್ಲ" ಎನ್ನುವ ಕಡೆಯಿಂದ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಬನ್ನಿ. ಕೊಟ್ಟ ದುಡ್ಡಿಗೆ 80ಜಿ ತೆರಿಗೆ ವಿನಾಯಿತಿ ಬೇಕಿದ್ದರೆ ನಗದು 2000ಕ್ಕಿಂತ ಜಾಸ್ತಿ ಕೊಡಬೇಡಿ, ಮತ್ತು ಹೊಸ ತೆರಿಗೆ ಪದ್ಧತಿ ಆಯ್ದುಕೊಂಡಿದ್ದರೆ ಆ ವಿನಾಯಿತಿಯೇ ಇಲ್ಲ.

ಹುಬ್ಬಳ್ಳಿಯವನಾಗಿ ಒಂದು ಮಾತು ಸೇರಿಸದೆ ಇರಲಾರೆ. ನಮ್ಮೂರಿನ ಉಮಾಬಾಯಿ ಕುಂದಾಪುರ ಚಿಕ್ಕ ವಯಸ್ಸಿಗೇ ವಿಧವೆಯಾದವರು, ಭಗಿನಿ ಮಂಡಳ ಕಟ್ಟಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋದ ಹೆಂಗಸರು ಬಿಡುಗಡೆ ಆದಾಗ ಊರಿಗೆ ಹೋಗಲು ಕೈಯಲ್ಲಿ ಕಾಸಿರುತ್ತಿರಲಿಲ್ಲ, ಕೆಲವರನ್ನು ಮನೆಯವರೂ ಸೇರಿಸುತ್ತಿರಲಿಲ್ಲ. ಅವರಿಗೆ ಉಮಾಬಾಯಿಯವರ ಸಣ್ಣ ಮನೆಯೇ ಆಸರೆ, ಊಟ ಹಾಕಿ ದಾರಿಖರ್ಚು ಕೊಟ್ಟು ಕಳಿಸುತ್ತಿದ್ದರು. ಮೇಲೆ ಕೋಟೆನಾಡು ಮೇಡಂ ಹೇಳಿದ ಬಾಡಿಗೆ ಅಡ್ವಾನ್ಸ್ ಅದೇ ಜಾತಿಯ ಕೆಲಸ.

ಎಡಿಸನ್_ಕನ್ನಡಿಗ:

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಮೂಲ ಗದಗ. ಓದಿ ಖುಷಿಯಾಯಿತು. ಉಣಕಲ್ ದಂಡೆಯವರ ಜಂಟಿ ಖಾತೆಗೆ ಪ್ರತಿ ತಿಂಗಳು ಸ್ವಲ್ಪ ಕಳಿಸಬಹುದಾ? ನನ್ನ ಹತ್ತಿರ ಓಸಿಐ ಕಾರ್ಡ್ ಇದೆ.

ಲೆಕ್ಕದ_ಮಾವ:

ಬೇಡ ಸರ್. ಓಸಿಐ ಕಾರ್ಡ್ ಭಾರತ ಮೂಲದವರದಾದರೂ, ಅದು ಇರುವವರು ಪಾಸ್‌ಪೋರ್ಟ್ ಪ್ರಕಾರ ವಿದೇಶಿಯರು, ನೀವು ಕೊಡುವುದು ವಿದೇಶಿ ದೇಣಿಗೆ ಆಗುತ್ತದೆ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ತೆಗೆದುಕೊಳ್ಳಬೇಕು. 2020ರ ತಿದ್ದುಪಡಿ ಆದ ಮೇಲೆ ಹೀಗೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ಕೆಲಸ ಮಾಡುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಆ ತೊಂದರೆ ಇಲ್ಲ. ಅಕ್ಕೋರ ಖಾತೆಗೆ ಡಾಲರ್ ಬಂದು ಅವರಿಗೆ ನೋಟಿಸ್ ಬರುವುದು ಬೇಡ. ನೀವು ಎಫ್‌ಸಿಆರ್‌ಎ ಇರುವ ಒಂದು ಸಂಸ್ಥೆ ನೋಡಿಕೊಳ್ಳಿ. ಅಥವಾ ವಿಡಿಯೋ ಕಾಲಿನಲ್ಲಿ ಹದಿನೆಂಟು ದಾಟಿದ ಯಾರಿಗಾದರೂ ಇಂಗ್ಲಿಷ್, ಇಂಟರ್‌ವ್ಯೂ ತಯಾರಿ ಹೇಳಿಕೊಡಿ, ಅದಕ್ಕೆ ಯಾವ ಪರವಾನಗಿಯೂ ಬೇಡ. ನಿಲಯದವರ ಒಪ್ಪಿಗೆ ಮಾತ್ರ ಬೇಕು.

ಖಡಕ್_ರೊಟ್ಟಿ:

ಓದಿದೆ ಎಲ್ಲಾ. ಆದರೂ ಒಂದು ಪ್ರಶ್ನೆ. ಪಾಠ ಹೇಳಲು ಹೋದಾಗ ಯಾವುದಾದರೂ ಮಗು "ಅಂಕಲ್ ಹೀಗೆ ಮಾಡಿದರು" ಎಂದು ಏನಾದರೂ ಹೇಳಿತು ಅಂದುಕೊಳ್ಳಿ. ಆಗ ಈ ಮೇಡಂಗಳು ಏನು ಮಾಡಬೇಕು? ಯಾರಿಗೂ ಹೇಳಬೇಡಿ ಎಂದು ಮಗುವೇ ಕೇಳಿದರೆ?

ಕೋಟೆನಾಡು:

ಒಳ್ಳೆಯ ಪ್ರಶ್ನೆ, ಕೇಳಿದ್ದಕ್ಕೆ ಥ್ಯಾಂಕ್ಸ್. ಲೈಂಗಿಕ ದೌರ್ಜನ್ಯದ ಮಾತು ಬಂದರೆ ಗುಟ್ಟಾಗಿ ಇಟ್ಟುಕೊಳ್ಳುವಂತೆಯೇ ಇಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು. ಆದ್ದರಿಂದ ಮಗುವಿಗೆ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ನೀನು ಹೇಳಿದ್ದು ಒಳ್ಳೆಯದಾಯಿತು, ಇದನ್ನು ನಿಲ್ಲಿಸಬಲ್ಲವರಿಗೆ ಮಾತ್ರ ಹೇಳುತ್ತೇನೆ" ಎನ್ನಿ. ಮತ್ತೆ ಮತ್ತೆ ಕೇಳಿ ಮಗುವಿನಿಂದ ಪೂರ್ತಿ ಕತೆ ಹೊರಡಿಸಬೇಡಿ, ಅದು ನಿಮ್ಮ ಕೆಲಸ ಅಲ್ಲ. ಅದು ಹೇಳಿದ ಮಾತನ್ನು ಹಾಗೇ ಬರೆದಿಡಿ. ಮೊದಲ ದಿನವೇ ನಿಲಯದವರ ಹತ್ತಿರ ಮಕ್ಕಳ ರಕ್ಷಣಾ ನೀತಿ ಏನಿದೆ ಎಂದು ಕೇಳಿ. ಒಬ್ಬರೇ ಮಗುವಿನ ಜೊತೆ ಕೋಣೆಯಲ್ಲಿ ಕೂರಬೇಡಿ, ಇಬ್ಬರು ಇರಿ, ಬಾಗಿಲು ತೆರೆದಿರಲಿ. ಪೊಲೀಸ್ ವೆರಿಫಿಕೇಷನ್ ಕೇಳಿದರೆ ಮಾಡಿಸಿಕೊಡಿ.

ನಿಮ್ಮ ಗುಂಪಿನವರಿಗೇ ಇದೆಲ್ಲಾ ಕೇಳಿ ಮನಸ್ಸು ಭಾರ ಆಗಬಹುದು. 14416 ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಉಣಕಲ್_ದಂಡೆ:

ಎಲ್ಲರಿಗೂ ದೊಡ್ಡ ನಮಸ್ಕಾರ. ಇವತ್ತು ವಾಕಿಂಗ್‌ನಲ್ಲಿ ಇದೇ ಮಾತು. ಟೀಚರ್ ಅಕ್ಕ ನಾಳೆ ಆ ಹುಡುಗನ ಶಾಲೆಗೆ ಹೋಗುತ್ತಾರೆ. ನಾನು ಮತ್ತು ಇನ್ನೊಬ್ಬರು ಆಕೆಯ ಜೊತೆ ಆಧಾರ್ ಕೇಂದ್ರಕ್ಕೆ, ಅಲ್ಲಿಂದ ಸಿಡಿಪಿಓ ಆಫೀಸಿಗೆ. ಕೋಣೆ ಹುಡುಕುತ್ತಿದ್ದೇವೆ, ಆದರೆ ಗಂಡ ಜೊತೆಗಿಲ್ಲ ಎಂದರೆ ಮನೆ ಮಾಲೀಕರು ಮುಖ ತಿರುಗಿಸುತ್ತಾರೆ. ಇದಕ್ಕೆ ಏನಾದರೂ ಉಪಾಯ ಇದೆಯಾ?

ಹದಿನೆಂಟರ_ನಂತರ:

ಅಗ್ರಿಮೆಂಟಿನಲ್ಲಿ ನಿಮ್ಮಲ್ಲಿ ಒಬ್ಬರು ಸಾಕ್ಷಿ ಹಾಕಿ ಮೇಡಂ, ಮತ್ತೆ ಮಾಲೀಕರ ಹೆಂಡತಿ ಹತ್ತಿರ ಮಾತಾಡಿ, ಮಾಲೀಕರ ಹತ್ತಿರ ಅಲ್ಲ. ಆಕೆಯ ಕತೆ ಹೇಳಬೇಡಿ. "ನಮ್ಮ ಪೈಕಿ ಹುಡುಗಿ, ಇಬ್ಬರು ಮಕ್ಕಳು, ನಾವು ಇದೇ ಊರಲ್ಲಿದ್ದೇವೆ, ಏನಾದರೂ ಇದ್ದರೆ ನಮಗೆ ಫೋನ್ ಮಾಡಿ" ಎಂದು ನಂಬರ್ ಕೊಡಿ. ನನಗೆ ಮನೆ ಸಿಕ್ಕಿದ್ದು ಹಾಗೆಯೇ.